ಹುಣಸೆಮರದ ಹಿತ್ತಾಳೆ ಚುಕ್ಕೆ

ನಮ್ಮ ಕುಲುಮೆಯ ಹಿಂದಿನ ಹುಣಸೆಮರದ ಬೊಡ್ಡೆಯಲ್ಲಿ, ಎರಡಾಳೆತ್ತರದಲ್ಲಿ, ಹಿತ್ತಾಳೆಯ ಚುಕ್ಕೆಯೊಂದಿದೆ. ಬೆಳಗಿನ ಬಿಸಿಲು ಕುಲುಮೆಯ ಮಾಡನ್ನು ದಾಟಿ ಅಲ್ಲಿಗೆ ಮುಟ್ಟಿದಾಗ ಅದು ಒಂದು ಗಳಿಗೆ ಮಿನುಗಿ, ಮತ್ತೆ ತೊಗಟೆಯ ಬಣ್ಣಕ್ಕೆ ತಿರುಗುತ್ತದೆ. ಹೊಸಬರು ಕೇಳಿದರೆ ಯಾವುದೋ ಹರಕೆಯ ಮೊಳೆ ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ಹರಕೆಯದ್ದಲ್ಲ, ನನ್ನದು.

ಬ್ರಹ್ಮಣ್ಣ ಗುರುಗಳ ಹತ್ತಿರ ನಾನು ಹದಿನೈದು ವರ್ಷ ದುಡಿದೆ. ಅವರು ಕಟ್ಟುತ್ತಿದ್ದದ್ದು ಬಾಯಿಯಿಂದ ಮದ್ದು ತುಂಬುವ ಹಳೇ ತರದ ಬಂದೂಕು. ನಳಿಗೆಯ ಬಾಯೊಳಗೆ ಮದ್ದು ಸುರಿದು, ಗುಂಡು ಬಿಟ್ಟು, ಗಜ ಎಂಬ ಉದ್ದನೆಯ ಕಬ್ಬಿಣದ ಸರಳಿನಿಂದ ಎಲ್ಲವನ್ನೂ ತಳಕ್ಕೆ ದೂಡಿ ಕೂರಿಸಬೇಕು. ಗಜದ ತುದಿಗೆ ಹಿತ್ತಾಳೆಯ ಟೊಪ್ಪಿಗೆ. ಟೊಪ್ಪಿಗೆಯ ಸುತ್ತ ಅರದಿಂದ ಕೊರೆದ ಮೂರು ಗೆರೆ. ಆ ಗೆರೆಗಳೇ ನಮ್ಮ ಕುಲುಮೆಯ ಗುರುತು.

ಕುಲುಮೆಯಲ್ಲಿ ಒಂದು ಕಟ್ಟಳೆಯಿತ್ತು. ಬಂದೂಕು ಯಾರ ಮನೆಗೇ ಹೋಗಲಿ, ಮೊದಲ ಗುಂಡನ್ನು ಕಟ್ಟಿದವನೇ ಹಾರಿಸಬೇಕು, ತನ್ನ ಕೆನ್ನೆಯನ್ನು ಮರದ ಹಿಡಿಗೆ ಒತ್ತಿ. ನಳಿಗೆ ಸೀಳುವುದಿದ್ದರೆ ಮಾಡಿದವನ ಮುಖದೆದುರೇ ಸೀಳಲಿ ಎಂಬ ಲೆಕ್ಕ. ಇದಕ್ಕೆ ‘ಕೆನ್ನೆ ಕೊಡುವುದು’ ಎನ್ನುತ್ತಿದ್ದರು. ಹದಿನೈದು ವರ್ಷ ಗುರುಗಳೇ ಕೆನ್ನೆ ಕೊಟ್ಟರು. ಆ ಹೊತ್ತಿಗೆ ಸರಿಯಾಗಿ ನನಗೆ ಬಾವಿಕಟ್ಟೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಸದ್ದೆಂದರೆ ನನ್ನ ಎದೆ ನೀರಾಗುತ್ತಿತ್ತು. ಇದನ್ನು ಕಂಡುಹಿಡಿದವರು ಗುರುಗಳ ಹೆಂಡತಿ ಕಾಳವ್ವ ಒಬ್ಬರೇ.

“ಹುಲಿ ಕೆಡವೋ ಬಂದೂಕ ಮಾಡ್ತಿ, ಒಗ್ಗರಣಿ ಸಿಡಿದ್ರ ಮಾರುದ್ದ ಹಾರ್ತಿ. ನಿನಗ ಏನಂತ ಹೆಸರಿಡ್ಲೋ ತಮ್ಮಾ?” ಎಂದು ಅವರು ನಗುತ್ತಿದ್ದರು. ಆದರೆ ಗುರುಗಳ ಕಿವಿಗೆ ಹಾಕಿರಲಿಲ್ಲ.

ವಾಡೆಯ ಶಿವಪುತ್ರ ದೇಸಾಯರಿಗೆ ಹಳೆಯ ಬಂದೂಕು ಕೂಡಿಸುವ ಹುಚ್ಚು. ಪಡಸಾಲೆಯ ಗೋಡೆಯ ಮೇಲೆ ಇಪ್ಪತ್ಮೂರು ಬಂದೂಕುಗಳು ಗೂಟಕ್ಕೆ ಕೂತಿದ್ದವು. ಒಂದೊಂದರ ಸ್ವಭಾವವನ್ನೂ ಅವರು ಮನೆಯ ಮಂದಿಯ ಸ್ವಭಾವ ಹೇಳಿದಂತೆ ಹೇಳುವರು. “ಇದು ಮಳಿಗಾಲದಾಗ ಮುನಿಸ್ಕೋತೈತಿ. ಇದಕ್ಕ ಎಡಗೈಯವ್ರಂದ್ರ ಪ್ರೀತಿ.” ನಟ್ಟನಡುವಿನದು ಅವರ ತಂದೆಯದು, ನಮ್ಮ ಗುರುಗಳು ಹರೆಯದಲ್ಲಿ ಮೊಟ್ಟಮೊದಲು ಕಟ್ಟಿದ್ದು. ಅದಕ್ಕೆ ಮಾತ್ರ ಕಬ್ಬಿಣದ ಗಜವಿಲ್ಲ, ಬಿದಿರಿನದು. ಯಾಕೆಂದು ಬಂದವರು ಕೇಳುವುದನ್ನೇ ದೇಸಾಯರು ಕಾಯುತ್ತಿದ್ದರು.

“ಮೊದಲನೇ ಗುಂಡಿಗೆ ಹುಲಿ ಬೀಳಲಿಲ್ಲ. ನಮ್ಮಪ್ಪ ಮತ್ತ ತುಂಬಾಕ ಹತ್ತಿದ್ರು, ಅಷ್ಟ್ರಾಗ ಮೈಮ್ಯಾಲೇ ಬಂತು. ಗಜ ಹೊರಗ ತೆಗೀಲಿಕ್ಕೂ ಪುರಸೊತ್ತಿಲ್ಲ. ಗಜಾ ಸಮೇತ ಹೊಡದ್ರು! ಅದನ್ನ ಎದಿಯಾಗ ಇಟ್ಕೊಂಡು ಹುಲಿ ಹಳ್ಳಕ್ಕ ಬಿತ್ತು.”

ಸಾಲಿನ ಕೊನೆಗೆ ಇಪ್ಪತ್ನಾಲ್ಕನೆಯ ಗೂಟ ಖಾಲಿಯಿತ್ತು. ಹಳೆಯ ಕೈಕೆಲಸದಲ್ಲಿ ಹೊಸದೊಂದು ಬಂದೂಕು ಅಲ್ಲಿಗೆ ಬರಬೇಕೆಂದು ದೇಸಾಯರು ಗುರುಗಳಿಗೆ ಹೇಳಿಕಳಿಸಿದರು. ಗುರುಗಳ ಕಣ್ಣು ಆಗಲೇ ಮಂಜಾಗಿತ್ತು. ಅವರು ನನ್ನನ್ನು ಕರೆದರು.

“ಇದನ್ನ ನೀನ ಕಟ್ಟು. ದೇಸಾಯರ ಗ್ವಾಡಿ ಏರ್ತಂದ್ರ ಅಡಿಗಲ್ಲು, ಸುತ್ತಿಗಿ, ಕುಲುಮಿ ಎಲ್ಲಾ ನಿಂದು. ಏರಲಿಲ್ಲಂದ್ರ ನಾಳಿಂದ ಬಾಗಲಾ ಚಿಲಕಾ ಮಾಡ್ಕೊಂತ ಕುಂದ್ರು.”

“ಆತ್ರಿ” ಎಂದೆ. ಕೆನ್ನೆ ಯಾರು ಕೊಡಬೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎಂಟು ತಿಂಗಳು ಕೂತೆ. ಕಬ್ಬಿಣದ ಪಟ್ಟಿಯನ್ನು ಕಾಸಿ, ಸುತ್ತಿ, ಬೆಸೆದು ನಳಿಗೆ ಮಾಡಿದೆ. ವಾಡೆಯಲ್ಲಿ ಮುರಿದುಬಿದ್ದಿದ್ದ ಮೇಣೆಯ ಬೀಟೆಮರವನ್ನು ಕೇಳಿ ತಂದು ಹಿಡಿ ಕೆತ್ತಿದೆ. ಗುರುಗಳು ದಿನಾ ಸಂಜೆ ಬಂದು ನಳಿಗೆಯ ಮೇಲೆ ಬೆರಳಾಡಿಸಿ, “ಇಲ್ಲಿ ಉಬ್ಬೈತಿ” ಎಂದಷ್ಟೇ ಹೇಳಿ ಹೋಗುವರು. ಒಂದು ಸಂಜೆ ಬೆರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಅವರು ಏನೂ ಹೇಳಲಿಲ್ಲ. ಆ ಸಂಜೆ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಕೆನ್ನೆ ಕೊಡುವ ದಿನ ಹುಣಸೆಮರದ ಬುಡದಲ್ಲಿ ಕಲ್ಲಿನ ಮೇಲೆ ಒಂದು ಗಡಿಗೆ ಇಟ್ಟರು. ದೇಸಾಯರು ಕುರ್ಚಿ ಹಾಕಿಸಿಕೊಂಡು ಕೂತರು. ಗುರುಗಳು ಅವರ ಪಕ್ಕಕ್ಕೆ, ಕಾಳವ್ವ ಹಿತ್ತಿಲ ಬಾಗಿಲಲ್ಲಿ. ಬಂದೂಕು ಹೊತ್ತು ಹೊರಟವನನ್ನು ಕಾಳವ್ವ ತಡೆದು, ನನ್ನ ಅಂಗೈಯಲ್ಲಿ ಎರಡು ಉಂಡೆ ಅರಳೆ ಇಟ್ಟರು.

“ಕಿವ್ಯಾಗ ಗಟ್ಟಿಗೆ ತುರುಕ್ಕೋ. ಎಂಟು ತಿಂಗಳ ದುಡಿತ ಸದ್ದಿಗಂಜಿ ಹಾಳಾಗಬಾರ್ದು.”

ತುರುಕಿಕೊಂಡೆ. ಲೋಕವೆಲ್ಲ ಒಮ್ಮೆಲೇ ತಣ್ಣಗಾಯಿತು. ಮದ್ದು ಸುರಿದೆ, ಗುಂಡು ಬಿಟ್ಟೆ, ಗಜದಿಂದ ದೂಡಿದೆ. ಹಿಡಿಗೆ ಕೆನ್ನೆ ಒತ್ತಿ ಓರೆಗಣ್ಣಿನಿಂದ ನೋಡಿದರೆ ಗುರುಗಳು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. ದೇಸಾಯರು ಕುರ್ಚಿ ಬಿಟ್ಟು ಎದ್ದಿದ್ದರು. ಕಾಳವ್ವ ಸೆರಗು ಬೀಸುತ್ತಿದ್ದರು. ಎಲ್ಲರೂ ನನಗೆ ಹುರುಪು ತುಂಬುತ್ತಿದ್ದಾರೆಂದುಕೊಂಡೆ. ನನ್ನ ಕಣ್ಣು ತುಂಬಿತು. ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆದೆ.

ಹೊಗೆ ತಿಳಿಯಾದಾಗ ಗಡಿಗೆ ಇದ್ದಲ್ಲೇ ಇತ್ತು. ನನ್ನ ಹೆಗಲು ಸೆಳೆಯುತ್ತಿತ್ತು. ಅರಳೆ ಕಿತ್ತುಕೊಂಡೆ. ಗುರುಗಳು ಬಂದೂಕನ್ನು ಇಸಿದುಕೊಂಡು ಅದರ ಹೊಟ್ಟೆಯ ಕೆಳಗೆ ತಡವಿದರು, ಗಜ ಸೇರಿಸುವ ಜಾಗದಲ್ಲಿ. ಅಲ್ಲಿ ಗಜವಿರಲಿಲ್ಲ. ನಾನು ಅದನ್ನು ನಳಿಗೆಯೊಳಗೇ ಬಿಟ್ಟು ಹಾರಿಸಿದ್ದೆ.

“ಒದರಿ ಒದರಿ ಗಂಟಲಾ ಹರೀತು! ಕಿವಿ ಎಲ್ಲಿಟ್ಟಿದ್ಯೋ?” ಎಂದರು ಗುರುಗಳು.

ದೇಸಾಯರು ಬಂದೂಕನ್ನು ತಿರುವಿ ತಿರುವಿ ನೋಡಿದರು. ನಳಿಗೆಗೆ ಉಗುರಿನಿಂದ ತಟ್ಟಿ ಕಿವಿಗೊಟ್ಟರು. “ನಳಗಿ ಮಿಸುಕಿಲ್ಲ, ಬ್ರಹ್ಮಣ್ಣ. ಗಜಾ ಉಗುಳಿದ್ರೂ ಒಂದು ಗೀಟು ಬಿದ್ದಿಲ್ಲ.” ಆದರೆ ಅವರು ಬಂದೂಕನ್ನು ನನ್ನ ಕೈಗೇ ಕೊಟ್ಟರು. “ಆದ್ರ ಅರ್ಧಾ ಬಂದೂಕ ನಾ ಗ್ವಾಡಿಗೆ ಹಾಕೂದಿಲ್ಲ. ಇದರ ಗಜ ತಾ.”

ಗಜ ಮರದಲ್ಲಿ ನಾಟಿ ನಿಂತಿತ್ತು, ಎರಡಾಳೆತ್ತರದಲ್ಲಿ, ಹಿತ್ತಾಳೆಯ ಟೊಪ್ಪಿಗೆಯಷ್ಟೇ ಹೊರಗೆ. ಹತ್ತಿದೆ. ಎರಡೂ ಕೈಯಿಂದ ಎಳೆದೆ, ಹಲ್ಲು ಕಚ್ಚಿ ತಿರುವಿದೆ. ಮರ ಬಿಡಲಿಲ್ಲ. ಹಿಡಿತಕ್ಕೆಂದು ಮೇಲಿನ ಗಂಟೊಂದನ್ನು ಹಿಡಿದೆ. ಬೆರಳಿಗೆ ತಣ್ಣಗೆ ಏನೋ ತಗುಲಿತು. ತೊಗಟೆ ಕೆರೆದೆ. ಪಾಚಿಗಟ್ಟಿದ ಹಿತ್ತಾಳೆ. ಉಗುಳು ಹಚ್ಚಿ ಉಜ್ಜಿದೆ. ಒಂದು, ಎರಡು, ಮೂರು ಗೆರೆ.

“ಗುರುಗಳ, ಇಲ್ಲಿ ನಮ್ಮದ ಇನ್ನೊಂದು ಗಜ ಐತ್ರಿ!” ಎಂದು ಕೂಗಿದೆ.

“ಕೆಳಗಿಳಿಯೋ” ಎಂದರು ಗುರುಗಳು. ದನಿ ಬೇರೆಯಾಗಿತ್ತು.

“ಭಾಳ ಹಳೇದ್ರಿ. ಮರ ನುಂಗಿಬಿಟ್ಟೈತಿ.”

“ಇಳಿ ಅಂದ್ನೆಲ್ಲ!”

ಹಿತ್ತಿಲ ಬಾಗಿಲಲ್ಲಿ ಕಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಭುಜ ಕುಣಿಯುತ್ತಿದ್ದವು. ದೇಸಾಯರು ಅವರನ್ನು ನೋಡಿದರು, ಗುರುಗಳನ್ನು ನೋಡಿದರು, ಆಮೇಲೆ ಮರವನ್ನು. ನಮ್ಮ ಕುಲುಮೆಯಿಂದ ಹೋದ ಬಂದೂಕುಗಳಲ್ಲಿ ಕಬ್ಬಿಣದ ಗಜವಿಲ್ಲದ್ದು ತಮ್ಮ ತಂದೆಯದೊಂದೇ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಬ್ರಹ್ಮಣ್ಣ,” ಎಂದರು ಮೆಲ್ಲಗೆ, “ನಮ್ಮಪ್ಪನ ಹುಲಿ ಎಲ್ಲೈತಿ?”

ಗುರುಗಳು ಕಾಲಬೆರಳು ನೋಡುತ್ತ ಹೇಳಿದರು. “ಧಣ್ಯಾರ, ನಾನೂ ಅವತ್ತ ಮೊದಲನೇ ಸಲ ಕೆನ್ನಿ ಕೊಟ್ಟಿದ್ದೆ. ಅಂಜಿಕಿ ಹತ್ತಿತ್ತು. ಗಜಾ ತಗ್ಯೂದು ಮರತೆ. ಬಿದಿರಿಂದು ಹಾಕಿ ಕೊಟ್ಟೆ, ದೊಡ್ಡ ಧಣ್ಯಾರು ನಕ್ಕು ತಗೊಂಡ್ರು. ಹುಲಿ ಮಾತು ನಾ ಆಡಿದ್ದಲ್ಲ. ಅದು ನಿಮ್ಮ ವಾಡೇದಾಗ ಹುಟ್ಟಿದ ಹುಲಿ.”

ನಾನು ಕೊಂಬೆ ತಬ್ಬಿಕೊಂಡು ಕೂತೆ. ಕುಲುಮೆ ನನ್ನ ಕೈಬಿಟ್ಟಿತೆಂದೇ ಅಂದುಕೊಂಡೆ. ದೇಸಾಯರ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ. ಕಡೆಗೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಗತೊಡಗಿದರು. ಕಣ್ಣೊರೆಸಿಕೊಂಡು ಮೇಲೆ ನೋಡಿ ಕೂಗಿದರು.

“ಏ ಮರದ ಮ್ಯಾಲಿನಂವಾ! ನಿಂದೂ ಅಲ್ಲೇ ಇರಲಿ, ಕೀಳಬ್ಯಾಡ. ಬಿದಿರಿಂದೊಂದು ಕೆತ್ತಿ ಹಾಕಿ ನಾಳೆ ಬಂದೂಕ ವಾಡೇಕ ತಾ. ಆದ್ರ ಈ ಮಾತು ನಾವು ನಾಲ್ಕು ಮಂದ್ಯಾಗ ಇರಬೇಕು, ಗೊತ್ತಾತಿಲ್ಲೋ?”

ನಾನು ಇಳಿದಾಗ ಗುರುಗಳು ಸೊಂಟದಿಂದ ಕುಲುಮೆಯ ಬೀಗದಕೈ ಬಿಚ್ಚಿ ನನ್ನ ಅಂಗೈಗೆ ಒತ್ತಿದರು. ಅಲ್ಲಿ ಇನ್ನೂ ಅರಳೆಯ ಎಳೆ ಅಂಟಿತ್ತು. ಅದನ್ನು ಬೆರಳಿನಿಂದ ತಡವಿ, “ಇದನ್ನ ನನಗ ಯಾರೂ ಕೊಡಲಿಲ್ಲ ಅವತ್ತ” ಎಂದು ಹೆಂಡತಿಯ ಕಡೆ ತಿರುಗಿದರು.

“ಆವಾಗ ನಾ ಹೊಸಾ ಮದಲಗಿತ್ತಿ. ಗಂಡ ಅಂಜುಬುರುಕ ಅಂತ ನನಗೇನು ಗೊತ್ತು?” ಎಂದರು ಕಾಳವ್ವ.

ಮುಂದಿನ ವಾರ ನಾನು ವಾಡೆಗೆ ಹೋದಾಗ ನನ್ನ ಬಂದೂಕು ಕೊನೆಯ ಗೂಟದಲ್ಲಿರಲಿಲ್ಲ. ನಡುವೆ, ಗುರುಗಳ ಬಂದೂಕಿನ ಮಗ್ಗುಲಿಗೆ ಹಾಕಿದ್ದರು. ಪರವೂರಿನ ಬೀಗರಿಬ್ಬರು ಎರಡು ಬಿದಿರು ಗಜಗಳನ್ನು ಬೆರಗಿನಿಂದ ನೋಡುತ್ತಿದ್ದರು. ದೇಸಾಯರು ನನ್ನತ್ತ ಒಂದು ಕಣ್ಣು ಹೊಡೆದು, “ಎರಡನೇ ಹುಲಿ ಮೊದಲಿನದಕ್ಕಿಂತ ದೊಡ್ಡದಿತ್ತು” ಎಂದು ಶುರುಮಾಡಿದರು.

ಆಮೇಲೆ ನಾನು ಎಷ್ಟೋ ಬಂದೂಕುಗಳಿಗೆ ಕೆನ್ನೆ ಕೊಟ್ಟೆ, ಅರಳೆಯಿಟ್ಟುಕೊಂಡೇ. ಗುರುಗಳ ಗಜ ಈಗ ಪೂರ್ತಿ ಮರದೊಳಗಾಗಿದೆ. ಅದಿದ್ದ ಜಾಗ ನನ್ನ ಬೆರಳಿಗೆ ಮಾತ್ರ ಗೊತ್ತು. ನನ್ನ ಟೊಪ್ಪಿಗೆಯ ಮೂರು ಗೆರೆಗಳಲ್ಲಿ ಎರಡನ್ನು ತೊಗಟೆ ಮುಚ್ಚಿಕೊಂಡಿದೆ. ಇವತ್ತು ಬೆಳಿಗ್ಗೆ ಬಿಸಿಲು ಕುಲುಮೆಯ ಮಾಡು ದಾಟಿ ಬಂದು ಉಳಿದ ಒಂದು ಗೆರೆಯ ಮೇಲೆ ಕೂತಿತು. ಅಳಿಲೊಂದು ಹತ್ತಿರ ಬಂದು ಮೂಸಿ ನೋಡಿ, ಅದನ್ನು ದಾಟಿಕೊಂಡು ಮೇಲಕ್ಕೆ ಹೋಯಿತು.