ಎಡಮೂಲೆ ಕೂರುವ ಗಾಡಿ

ನಮ್ಮ ಯಜಮಾನರು ಜಯಕುಮಾರ್ ಅವರಿಗೆ ಅನುಮಾನ ಬಂತೆಂದರೆ ಮುಗಿಯಿತು, ದೇವರೇ ಎದುರು ಬಂದರೂ ಆಧಾರ್ ಕಾರ್ಡ್ ಕೇಳುವ ಆಸಾಮಿ. ಅಂಥವರು ಹೋಗಿ ಹೋಗಿ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ತ್ಯಾಮಗೊಂಡ್ಲಿನ ನಮ್ಮ ಮನೆಗೆ ತಂದರು. ಅದಕ್ಕೆ ಸ್ಪ್ರಿಂಗ್ ಇಲ್ಲ. ಚಕ್ರಗಳ ಮೇಲೆ ಗಾಳಿ ತುಂಬಿದ ರಬ್ಬರ್ ಚೀಲಗಳೇ ಗಾಡಿಯನ್ನು ಹೊರುತ್ತವೆ. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಎಡಮೂಲೆ ಕುಸಿದು ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗುರ್ ಅಂದು ಮತ್ತೆ ಮೇಲೆತ್ತುತ್ತಿತ್ತು.

ಅರಿಶಿನಕುಂಟೆಯ ಮೆಕ್ಯಾನಿಕ್ ಉಮಾಶಂಕರ್ ಚೀಲ ಬದಲಾಯಿಸಿದ. ಮತ್ತೆ ಕೂತಿತು. ವಾಲ್ವ್ ಬದಲಾಯಿಸಿದ. ಮತ್ತೂ ಕೂತಿತು. "ಹಳೇ ಮಾಲನ್ನೇ ಒರೆಸಿ ಹಾಕವ್ನೆ" ಎಂದು ಮೊದಲು ಇವರಿಗೆ ಅವನ ಮೇಲೆ ಅನುಮಾನ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ಅನುಮಾನ ತಿರುಗಿದ್ದು ನಮ್ಮದೇ ಅಂಗಳದ ಆಚೆ ಬದಿಯ ಮನೆಯಲ್ಲಿದ್ದ ನನ್ನ ಮೈದುನ ಸಿದ್ದರಾಜುವಿನ ಕಡೆಗೆ. ಹೆಂಡತಿಯ ಊರಿಗೆ ಹೋಗಿಬರಲು ಅವನೊಮ್ಮೆ ಗಾಡಿ ಕೇಳಿದ್ದ, ಇವರು ಕೊಟ್ಟಿರಲಿಲ್ಲ.

"ಆ ಹೊಟ್ಟೆಕಿಚ್ಚಿಗೇ ರಾತ್ರಿ ಬಂದು ಗಾಳಿ ಬಿಡ್ತಾವ್ನೆ" ಎಂದರು.

"ರೀ, ಅವ್ನು ನಿಮ್ಮ ತಮ್ಮ ಕಣ್ರೀ."

"ಅದಕ್ಕೇ ಹೇಳ್ತಿರೋದು."

ಮಲಗುವ ಮುಂಚೆ ಚಕ್ರದ ಸುತ್ತ ಒಲೆಯ ಬೂದಿ ಎರಚಿದರು. ಬೆಳಿಗ್ಗೆ ಗಾಡಿ ಕೂತಿತ್ತು. ಬೂದಿಯಲ್ಲಿ ನಾಯಿಯ ಹೆಜ್ಜೆ ಬಿಟ್ಟರೆ ಬೇರೇನೂ ಇರಲಿಲ್ಲ.

"ನೋಡಿದ್ಯೇನೆ, ಹೆಜ್ಜೆ ಅಳಿಸಿ ಹೋಗವ್ನೆ!"

ನನಗೆ ನಗು ಬಂತು. ಸಂಜೆಯ ಹೊತ್ತಿಗೆ ಆ ನಗು ಹಾರಿಹೋಯಿತು. ಹಾಲಿನ ಡೈರಿಯ ಮುಂದೆ, ನಾಲ್ಕು ಜನರೆದುರು, ತಮ್ಮನನ್ನು ಕಳ್ಳ ಎಂದುಬಿಟ್ಟರು. ಸಿದ್ದರಾಜು ಮರುದಿನವೇ ನೆಲಮಂಗಲಕ್ಕೆ ಹೋಗಿ ಬಾಡಿಗೆ ಮನೆ ನೋಡಿಕೊಂಡು ಬಂದ.

ಭಾನುವಾರ ಅವನ ಸಾಮಾನು ಟೆಂಪೋಗೆ ಏರುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಒಂದು ಚಕ್ರಕ್ಕಾಗಿ ಬೇರೆಯಾಗುವುದನ್ನು ನಾನು ನೋಡುತ್ತ ನಿಲ್ಲಲಿಲ್ಲ. ಬಟ್ಟೆ ಸೋಪಿನ ಪುಡಿ ಕಲಸಿದ ಬಕೆಟ್ ತಂದು ಇವರ ಮುಂದೆ ಕುಕ್ಕಿದೆ.

"ಉಮಾಶಂಕರ್ ಚೀಲಕ್ಕೆ ಮಾತ್ರ ಸೋಪಿನ ನೀರು ಹಚ್ಚಿ ನೋಡಿದ್ದು. ಗಾಳಿ ಬರೋ ಪೈಪಿಗೂ ಹಚ್ಚಿ ನೋಡಿ, ಸೋರೋ ಕಡೆ ನೊರೆ ಏಳುತ್ತೆ. ಆಮೇಲೆ ತಮ್ಮನ್ನ ಓಡಿಸೋರಂತೆ."

ಜಾಕ್ ಕೊಟ್ಟು, ಕಲ್ಲು ಇಟ್ಟು, ಗೊಣಗುತ್ತಲೇ ಗಾಡಿಯ ಕೆಳಗೆ ತೂರಿದರು. ಚೀಲಕ್ಕೆ ಗಾಳಿ ತರುವ ತೆಳ್ಳನೆಯ ಪೈಪಿನಲ್ಲಿ, ಕೈ ಕಷ್ಟಪಟ್ಟು ಹೋಗುವ ಸಂದಿಯಲ್ಲಿ, ನೊರೆ ಬುಸಬುಸನೆ ಎದ್ದಿತು. ಕೆಸರು ಒರೆಸಿದರೆ ಪೈಪಿಗೆ ಕಟ್ಟಿದ ಕಪ್ಪು ದಾರ, ಅದರಲ್ಲಿ ಸುರುಳಿ ಸುತ್ತಿದ ತಾಮ್ರದ ತಗಡು. ಗಾಡಿ ಕುಲುಕಿದಾಗಲೆಲ್ಲ ತಗಡಿನ ಅಂಚು ಉಜ್ಜಿ ಉಜ್ಜಿ ಪೈಪಿಗೆ ತೂತು ಬಿದ್ದಿತ್ತು.

ದಾರ ಕಿತ್ತುಕೊಂಡು ಇವರು ಅಂಗಳದ ನಡುವೆ ಬಂದು ನಿಂತರು. ಮುಖದಲ್ಲಿ ಗೆದ್ದ ಕಳೆ.

"ಮಾಟ! ನನ್ ಗಾಡಿಗೆ ಮಾಟ ಮಾಡ್ಸವ್ನೆ! ಈಗೇನಂತೀಯೋ ಸಿದ್ದಾ?"

ಸಿದ್ದರಾಜು ಹೆಗಲ ಮೇಲಿದ್ದ ಹಾಸಿಗೆಯನ್ನು ಟೆಂಪೋದಲ್ಲಿಟ್ಟ.

"ನಾನೇ ಕಟ್ಟಿದ್ದು ಅಣ್ಣ. ನೀನು ಗಾಡಿ ತಂದ ದಿವ್ಸಾನೇ. ದಿನಾ ಹೈವೇಲಿ ಓಡಾಡ್ತೀಯ, ನಿಂಗೇನೂ ಆಗ್ದೇ ಇರ್ಲಿ ಅಂತ ಪೂಜಾರಪ್ಪನ ಹತ್ರ ಮಂತ್ರಿಸ್ಕೊಂಡು ಬಂದೆ. ದೃಷ್ಟಿದಾರ ಕಟ್ಟಿದ್ದು ಬಾಯ್ಬಿಟ್ಟು ಹೇಳಿದ್ರೆ ಫಲ ಇರಲ್ಲ ಅಂದ್ರು. ಅದಕ್ಕೇ ಹೇಳ್ಲಿಲ್ಲ. ಅದ್ರಿಂದಾನೇ ಗಾಳಿ ಹೋಗ್ತೈತೆ ಅಂತ ನಂಗೇನ್ ಗೊತ್ತು?"

ಇವರ ಕೈ ಕೆಳಗಿಳಿಯಿತು. "ಸಾಮಾನು ಇಳ್ಸೋ ಸಿದ್ದಾ" ಎಂದರು.

"ಪೈಪ್ ಒಂದು ಬದಲಾಯಿಸು ಅಣ್ಣ, ಗಾಡಿ ಸರಿಹೋಗ್ತೈತೆ."

ಆಮೇಲೆ ನನ್ನ ಕಡೆ ತಿರುಗಿ, "ಬರ್ತೀನಿ ಅತ್ತಿಗೆ" ಎಂದು ಟೆಂಪೋ ಹತ್ತಿದ.