ಅರ್ಧ ಮೈದಾನ

ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಕೆಂಪು ಕಂಬಳಿಯ ಒಂದು ತುದಿಯನ್ನು ಟ್ವೈಲಾ ಹಿಡಿದೆಳೆದಳು. ಇನ್ನೊಂದು ತುದಿಯನ್ನು ಮಾರೀನ್ ಅತ್ತೆ ಬಿಡಲಿಲ್ಲ.

"ಬಿಡು ಅತ್ತೆ."

"ನೀನು ಬಿಡೇ. ಇದು ಚರ್ಚು, ದನದ ಸಂತೆ ಅಲ್ಲ."

"ಅಪ್ಪನ ಮೇಲೆ ಇದು ಬೇಡ."

"ಕಾಲೇಜು ತಂಡಕ್ಕೆ ಆಡಿದೋರು ಯಾರು ಸತ್ರೂ ಈ ಕಂಬಳಿ ಹೊದಿಸ್ತಾರೆ. ನನ್ನ ತಮ್ಮನಿಗೆ ಮಾತ್ರ ಹೊದಿಸದೆ ಹೋದ್ರೆ ಊರು ಏನಂದೀತು?"

"ನಲವತ್ತು ವರ್ಷದಿಂದ ಅಂದಿದ್ದು ಸಾಲದಾ ನಿನ್ನ ಊರಿಗೆ?"

ಅತ್ತೆ ಕಂಬಳಿಯ ಸುಕ್ಕನ್ನು ಅಂಗೈಯಿಂದ ಒರೆಸಿ ಸರಿಮಾಡಿದಳು. ಆಗಲೇ ಬಾಗಿಲ ಬಳಿ ಊರುಗೋಲಿನ ಸದ್ದು ಕೇಳಿಸಿತು. ಹಾರ್ಲನ್ ಸ್ಟ್ರೌಡ್ ಒಳಗೆ ಬರುತ್ತಿದ್ದರು. ಕೋಚ್ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಮಾರ್ಲೋದಲ್ಲಿ 'ಕೋಚ್' ಅಂದರೆ ಇವತ್ತಿಗೂ ಅವರೇ. ಮೈದಾನಕ್ಕೆ ಹೋಗುವ ರಸ್ತೆಗೂ ಅವರದೇ ಹೆಸರು. ಹೆಣವನ್ನು ಕಂಡಾಗಲೂ ಏಳದೆ ಸಾಲು ಬೆಂಚುಗಳಲ್ಲಿ ಕೂತಿದ್ದ ಗಂಡಸರು ಈಗ ಎದ್ದು ನಿಂತರು.

"ಅವರು ಮಾತಾಡೋದಕ್ಕೂ ನಾನು ಒಪ್ಪಿಲ್ಲ," ಎಂದಳು ಟ್ವೈಲಾ, ಹಲ್ಲು ಕಚ್ಚಿ.

"ಅವರು ಬಂದಿದ್ದೇ ನಮ್ಮ ಪುಣ್ಯ," ಎಂದಳು ಅತ್ತೆ.

ಟ್ವೈಲಾ ಮುಂದಿನ ಬೆಂಚಿನಲ್ಲಿ ಕುಳಿತಳು. ಜನರ ಮುಂದೆ ಮಾತಾಡುವುದೆಂದರೆ ಚಿಕ್ಕಂದಿನಿಂದ ಅವಳಿಗೆ ನಾಲಿಗೆ ಒಣಗುತ್ತಿತ್ತು. ಬೇಕರಿಯಲ್ಲಿ ಕೂಡ ಅವಳು ಒಲೆಯ ಬಳಿಯ ಕೆಲಸವನ್ನೇ ಕೇಳಿ ತೆಗೆದುಕೊಂಡವಳು. ಆದರೆ ಇವತ್ತು ಮಧ್ಯಾಹ್ನ ಕಳೆಯುವುದರೊಳಗೆ ಅಪ್ಪ ಮಣ್ಣಿನಡಿ ಹೋಗುತ್ತಾನೆ. ಆ ಕತೆಯನ್ನೇ ಹೊದ್ದುಕೊಂಡು ಹೋಗುತ್ತಾನೆ. ಆಮೇಲೆ ಅದನ್ನು ಯಾರೂ ಅವನಿಂದ ಬಿಡಿಸಲಾರರು.

ಆ ಕತೆ ಮಾರ್ಲೋದ ಮಕ್ಕಳಿಗೂ ಬಾಯಿಪಾಠ. ಆ ವರ್ಷ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಮೊಣಕಾಲು ಮುರಿದುಕೊಂಡ. ಅವನ ಬದಲಿಗೆ ಬಂದವನು ಭುಜ ಮುರಿದುಕೊಂಡ. ಉಳಿದವನು ಟ್ವೈಲಾಳ ಅಪ್ಪ ಲೋವೆಲ್ ಪ್ರುಯಿಟ್, ಅದುವರೆಗೂ ಒಂದು ಆಟವನ್ನೂ ಆಡದ ಹುಡುಗ. ಎದುರಾಳಿ ಬ್ರೆಂಟನ್ ಕಾಲೇಜು. ಅವರ ಡಿಫೆನ್ಸ್ ದಾಟಿ ಹೋದವರು ಆ ವರ್ಷ ಕಡಿಮೆ. ಅಂಥವರ ವಿರುದ್ಧ ಕೊನೆಯ ಗಳಿಗೆಯವರೆಗೂ ಮಾರ್ಲೋ ಮುಂದಿತ್ತು. ಚೆಂಡನ್ನು ಅವುಚಿಕೊಂಡು ನೆಲಕ್ಕೆ ಬಿದ್ದಿದ್ದರೆ ಸಾಕಿತ್ತು, ಹೊತ್ತು ಮುಗಿದು ಗೆದ್ದುಬಿಡುತ್ತಿದ್ದರು. ಲೋವೆಲ್ ಎಸೆದ. ಬ್ರೆಂಟನ್‌ನವನೊಬ್ಬ ನಡುವೆ ಹಾರಿ ಅದನ್ನು ಹಿಡಿದು, ಮೈದಾನದ ತುದಿಯವರೆಗೂ ಓಡಿಬಿಟ್ಟ. ಮಾರ್ಲೋ ಸೋತಿತು. ಮರುದಿನ ಪತ್ರಿಕೆಯಲ್ಲಿ ಕೋಚ್ ಹೇಳಿದ್ದರು: ಬಿದ್ದುಕೋ ಅಂತಲೇ ಸನ್ನೆ ಮಾಡಿದ್ದೆ, ಹುಡುಗನಿಗೆ ಹೀರೋ ಆಗಬೇಕಿತ್ತು.

ಅಂದಿನಿಂದ ಅವನು 'ಹೀರೋ'. ಅವನ ಟೈರು ಅಂಗಡಿಯ ಬೋರ್ಡಿನ ಮೇಲೆ 'ಪ್ರುಯಿಟ್' ಎಂದಿದ್ದರೂ ಜನ ಹೋಗುತ್ತಿದ್ದದ್ದು 'ಹೀರೋ ಅಂಗಡಿ'ಗೆ.

ಹಿಂದಿನ ಬೆಂಚಿನಿಂದ ಧಾನ್ಯದ ಮಿಲ್ಲಿನ ವರ್ಜಿಲ್ ಪಕ್ಕದವನಿಗೆ ಹೇಳುತ್ತಿದ್ದ. ಪಿಸುಮಾತು ಅಂದುಕೊಂಡೇ ಹೇಳುತ್ತಿದ್ದ.

"ಪೆಟ್ಟಿಗೇಲಿ ಚೆಂಡು ಗಿಂಡು ಇಟ್ಟಿಲ್ಲ ತಾನೆ? ಸ್ವರ್ಗದ ಬಾಗಿಲಲ್ಲಿ ಎಸೆದುಬಿಟ್ಟಾನು, ಸೈತಾನ ಹಿಡ್ಕೊಂಡು ಓಡ್ತಾನೆ."

ಒಂದಿಬ್ಬರು ಮೂಗಿನಲ್ಲೇ ನಕ್ಕರು.

"ಬಾಯಿ ಮುಚ್ಚೋ," ಎಂದ ಡೆಲ್ಬರ್ಟ್. ಕ್ಷೌರದಂಗಡಿಯ ಡೆಲ್ಬರ್ಟ್, ಇವತ್ತು ಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ಒಬ್ಬ. ಅಂದಿನ ಆಟದಲ್ಲಿ ಬಲಗಡೆ ಓಡಿ ಚೆಂಡು ಹಿಡಿಯಬೇಕಾಗಿದ್ದವನು ಅವನೇ.

"ಓಹೋ, ಡೆಲ್ಬರ್ಟಣ್ಣ! ಏನು, ಇವತ್ತೂ ಖಾಲಿ ಇದ್ದೀಯಾ?"

ಈ ಸಲ ನಗು ಸ್ವಲ್ಪ ಜೋರಾಗಿಯೇ ಬಂತು. ಆ ಜಾಗದಲ್ಲಿ ಓಡುವ ಆಟಗಾರರು ಸೋತ ಮೇಲೆ ಹೇಳುವುದು ಒಂದೇ ಮಾತು: ನನ್ನ ಹತ್ತಿರ ಯಾರೂ ಇರಲಿಲ್ಲ, ನಾನು ಖಾಲಿ ಇದ್ದೆ, ನನಗೆ ಎಸೆಯಬೇಕಿತ್ತು. ಎಲ್ಲ ಊರಲ್ಲೂ, ಎಲ್ಲ ತಂಡದಲ್ಲೂ ಹೇಳುತ್ತಾರೆ. ಮೂರು ಜನ ಮೈಮೇಲೆ ಬಿದ್ದಿದ್ದರೂ ಹೇಳುತ್ತಾರೆ. ಆದ್ದರಿಂದ ಯಾರೂ ನಂಬುವುದಿಲ್ಲ. ಡೆಲ್ಬರ್ಟ್ ತಲೆ ತಗ್ಗಿಸಿ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕುಳಿತ.

*

ಟ್ವೈಲಾ ಚಿಕ್ಕವಳಿದ್ದಾಗ ಒಮ್ಮೆ ಹುಟ್ಟುಹಬ್ಬಕ್ಕೆ ಬಂದ ಚೆಂಡನ್ನು ಹಿತ್ತಲಿಗೆ ತಂದು, "ಎಸಿಯಪ್ಪಾ, ಹಿಡೀತೀನಿ," ಎಂದಳು. ಅಪ್ಪ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತು ಚೆಂಡನ್ನು ಅವಳ ಕಡೆಗೆ ಉರುಳಿಸಿದ.

"ಹಾಗಲ್ಲ. ಎಸಿ."

"ಉರುಳಿಸಿದ್ರೂ ಬರುತ್ತಲ್ಲ, ಚಿನ್ನಿ."

ಅವನು ಏನನ್ನೂ ಎಸೆಯುತ್ತಿರಲಿಲ್ಲ. ಗಿರಾಕಿಗಳು ಕಾರಿನ ಬೀಗದ ಕೈಗೆ ದೂರದಿಂದ ಕೈ ಚಾಚಿದರೆ ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದು ಹೋಗಿ ಅಂಗೈಯಲ್ಲಿ ಇಡುತ್ತಿದ್ದ. ಒಂದು ದಿನ ಕೆಲಸದ ಗಡಿಬಿಡಿಯಲ್ಲಿ ಮರೆತು ಒಂದು ನಟ್ಟನ್ನು ಎಸೆದದ್ದೇ, ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದ್ದರು: "ಎಸೀಬೇಡ ಹೀರೋ! ಬಿದ್ಕೋ! ಬಿದ್ಕೋ!" ವರ್ಜಿಲ್ ನಿಜವಾಗಿಯೂ ಗ್ರೀಸಿನ ನೆಲದ ಮೇಲೆ ಬಿದ್ದು ತೋರಿಸಿದ್ದ. ಅಪ್ಪನೂ ನಕ್ಕಿದ್ದ. ಅವನ ನಗು ಕಿವಿಯವರೆಗೂ ಹೋಗಿ, ಕೆಂಪಾಗಿ, ಅಲ್ಲೇ ನಿಂತುಬಿಡುತ್ತಿತ್ತು. ಟೈರುಗಳ ರಾಶಿಯ ಹಿಂದೆ ಕುಳಿತಿದ್ದ ಟ್ವೈಲಾ ಅದನ್ನು ನೋಡಿದ್ದಳು.

ಹೈಸ್ಕೂಲಿನಲ್ಲಿ ವರ್ಜಿಲ್‌ನ ಮಗ ಅದೇ ಮಾತನ್ನು ಅವಳಿಗೆ ಕೂಗಿದಾಗ ಅವಳು ಊಟದ ತಟ್ಟೆಯಿಂದ ಅವನ ಮೂಗಿಗೆ ಹೊಡೆದಳು. ಆಮೇಲೆ ಆ ಶಾಲೆಗೆ ಮತ್ತೆ ಹೋಗಲಿಲ್ಲ. ಅಂದು ಸಂಜೆ ಅಪ್ಪ ಆಲೂಗಡ್ಡೆ ಹುರಿಯುತ್ತಿದ್ದಾಗ ಅವಳು ಕೇಳಿಯೇಬಿಟ್ಟಳು.

"ನಿಜ ಹೇಳು. ನೀನಾಗೇ ಎಸೆದ್ಯಾ?"

ಅಪ್ಪ ಒಲೆ ಸಣ್ಣ ಮಾಡಿದ.

"ಚೆಂಡು ನನ್ನ ಕೈಯಿಂದ್ಲೇ ತಾನೆ ಹೋದದ್ದು."

"ಅದಲ್ಲ ನಾನು ಕೇಳಿದ್ದು."

"ಆ ಜಾಗದಲ್ಲಿ ನಿಂತೋನು ಇನ್ನೊಬ್ಬರ ಕಡೆ ಬೆರಳು ತೋರಿಸಬಾರದು, ಚಿನ್ನಿ. ಅಷ್ಟೇ ಅದರ ಕಾನೂನು. ತಟ್ಟೆ ತಗೋ."

*

ಪಾದ್ರಿ ಪ್ರಾರ್ಥನೆ ಮುಗಿಸಿ, "ಈಗ ಕೋಚ್ ಎರಡು ಮಾತು..." ಎಂದರು. ಸ್ಟ್ರೌಡ್ ಊರುಗೋಲನ್ನು ಬೆಂಚಿಗೆ ಒರಗಿಸಿ, ಪೆಟ್ಟಿಗೆಯ ಮೇಲೆ ಒಂದು ಕೈ ಊರಿ ನಿಂತರು. ವಯಸ್ಸಾಗಿದ್ದರೂ ಅವರ ಗಂಟಲು ಮೈದಾನದ ಗಂಟಲೇ.

"ಲೋವೆಲ್ ಒಳ್ಳೆ ಹುಡುಗ. ಅವನು ಹಾಕಿದ ಟೈರು ನನ್ನ ಗಾಡೀಲಿ ಇವತ್ತಿಗೂ ಇದೆ. ಆದ್ರೆ ನೀವೆಲ್ಲ ಕೇಳೋಕೆ ಬಂದಿರೋದು ಟೈರಿನ ವಿಷಯ ಅಲ್ಲ, ನಂಗೊತ್ತು."

ಜನ ನಕ್ಕರು. 

"ಈಗಿನ ಕೋಚುಗಳಿಗೆ ಕಂಪ್ಯೂಟರ್ ಬೇಕು. ನನಗೆ ಬೇಕಿರಲಿಲ್ಲ. ಎದುರಿಗೆ ಬ್ರೆಂಟನ್, ಒಬ್ಬೊಬ್ಬನೂ ಗೂಳಿ. ನನ್ನ ಕೈಯಲ್ಲಿರೋದು ಮೀಸೆ ಚಿಗುರದ ಒಬ್ಬ ಹುಡುಗ. ಏನು ಮಾಡ್ತೀರಿ? ಹೊಸ ಹುಡುಗನಿಗೆ ಇಡೀ ಮೈದಾನ ತೋರಿಸಬಾರದು. ತೋರಿಸಿದ್ರೆ ಕಣ್ಣು ಕತ್ತಲೆ ಬರುತ್ತೆ. ಅರ್ಧ ಮೈದಾನ ಕತ್ತರಿಸಿ ಬಿಸಾಕಬೇಕು! ನಾನು ಅವನ ಹೆಲ್ಮೆಟ್ ಹಿಡ್ಕೊಂಡು ಹೇಳಿದೆ: ಲೋವೆಲ್, ಇವತ್ತು ಬಲಗಡೆ ಅನ್ನೋದೇ ಇಲ್ಲ. ಎಡಗಡೆ ಒಬ್ಬನನ್ನ ನೋಡು, ಎಸಿ. ಬಲಕ್ಕೆ ತಲೆ ತಿರುಗಿಸಿದ್ಯೋ, ಬೆಂಚಿನ ಮೇಲೆ ಕೂರಿಸ್ತೀನಿ. ತಿರುಗಿಸಲಿಲ್ಲ ಸ್ವಾಮೀ! ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಗಿಡ್ಡ ಗಿಡ್ಡ ಎಸೆತ, ಎಡಕ್ಕೆ, ಎಡಕ್ಕೆ. ಬ್ರೆಂಟನ್‌ನವರು ತಬ್ಬಿಬ್ಬು."

ಕೋಚ್ ಮುಖ ಕೆಂಪೇರಿತ್ತು. ಈಗ ಅವರ ಮುಂದೆ ಇದ್ದದ್ದು ಚರ್ಚಲ್ಲ.

"ಕೊನೇಲಿ ನಾವು ಮುಂದಿದ್ವಿ. ಹೇಡಿ ಕೋಚಾದ್ರೆ ಬಿದ್ಕೋ ಅಂತಾನೆ. ನಾನು ಯಾವತ್ತಾದ್ರೂ ಹೇಡಿ ಆಟ ಆಡಿದ್ದುಂಟಾ? ಇನ್ನೊಂದು ಸಲ ಎಡಕ್ಕೇ, ಅಂತ ಸನ್ನೆ ಮಾಡಿದೆ. ಅದೇ ಎಸೆತ. ಆ ಹೊತ್ತಿಗೆ ಬ್ರೆಂಟನ್‌ನವರು ಪೂರ್ತಿ ಎಡಕ್ಕೆ ಬಂದು ನಿಂತಿದ್ರು, ಅದು ಬೇರೆ ವಿಷಯ. ಆದ್ರೆ ಉಪಾಯ ಸರಿಯಾಗೇ ಇತ್ತು. ನೋಡಿ, ಮುಂದೆ ಎಷ್ಟು ಹೊಸ ಹುಡುಗರನ್ನ ಆ ಉಪಾಯದಿಂದ್ಲೇ ಆಡಿಸಿದೆ..."

ಟ್ವೈಲಾ ಸುತ್ತ ನೋಡಿದಳು. ಜನ ತಲೆದೂಗುತ್ತಿದ್ದರು. ವರ್ಜಿಲ್ ತಲೆದೂಗುತ್ತಿದ್ದ. ಅತ್ತೆ ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಆ ಮಾತು ಇವರ ಯಾರ ಕಿವಿಗೂ ಬಿದ್ದಿಲ್ಲವೇ? ಉಪಾಯ ಎಷ್ಟು ಚೆನ್ನಾಗಿತ್ತು ಎಂದು ಮೆಚ್ಚಿಕೊಳ್ಳುವುದರಲ್ಲೇ ಮುಳುಗಿದ್ದಾರೆಯೇ?

ತಾನು ಎದ್ದು ನಿಂತಿದ್ದೇನೆ ಎಂಬುದು ಅವಳಿಗೆ ಗೊತ್ತಾದದ್ದು ಕೋಚ್ ಮಾತು ನಿಲ್ಲಿಸಿದಾಗಲೇ.

"ಎಸಿ ಅಂತ ಸನ್ನೆ ಮಾಡಿದ್ದು ನೀವಾ?"

"ಏನಮ್ಮಾ?"

"ಬಿದ್ಕೋ ಅಂತ ಹೇಳಿದ್ದೆ, ಹುಡುಗನಿಗೆ ಹೀರೋ ಆಗಬೇಕಿತ್ತು. ಪೇಪರಿನೋರಿಗೆ ಹಾಗಂದ್ರಲ್ಲ. ಈಗ ಎಸಿ ಅಂದೆ ಅಂತೀರಿ. ಯಾವುದು ನಿಜ?"

 ತಾವೇನು ಹೇಳಿದೆವೆಂದು ಹಿಂದಕ್ಕೆ ಹೋಗಿ ಹುಡುಕುತ್ತಿದ್ದವರಂತೆ ಸ್ಟ್ರೌಡ್ ಅವರ ಕಣ್ಣುಗಳು ಅಲೆದಾಡಿದವು.

"ಹಳೇ ಮಾತು ಬಿಡಮ್ಮ. ಪೇಪರಿನೋರು ಏನೇನೋ ಬರೀತಾರೆ. ನನ್ನ ಕೆಲಸ ಉಳೀಬೇಕಿತ್ತು. ಅವನಿಗೇನು, ಹುಡುಗ, ಮುಂದೆ ಎಲ್ಲ ಇತ್ತು..."

"ಮುಂದೆ ಟೈರಿತ್ತು."

ಪಾದ್ರಿ ಎದ್ದರು. "ಟ್ವೈಲಾ, ದುಃಖದಲ್ಲಿದ್ದೀಯ. ಇವತ್ತು ಬೇಡ, ತಾಯಿ."

"ಇನ್ಯಾವತ್ತು? ನಾಳೆ ಅಪ್ಪ ಇರ್ತಾನಾ ಕೇಳೋಕೆ?" ಅವಳ ದನಿ ಸೀಳಿ ಬಂತು. "ತಲೆ ತಿರುಗಿಸಬೇಡ ಅಂದ್ರು, ತಿರುಗಿಸಲಿಲ್ಲ. ಎಸಿ ಅಂದ್ರು, ಎಸೆದ. ಇಷ್ಟು ವಿಧೇಯ ಹುಡುಗನ್ನ ನೀವೆಲ್ಲ ಸೇರಿ ನಲವತ್ತು ವರ್ಷ ಅಹಂಕಾರಿ ಅಂದ್ರಲ್ಲ! ನನ್ನಪ್ಪ ನನಗೊಂದು ಚೆಂಡು ಎಸೀಲಿಲ್ಲ, ಗೊತ್ತಾ? ಉರುಳಿಸ್ತಿದ್ದ. ನಗಿ ವರ್ಜಿಲ್ ಮಾವ. ಯಾಕೆ ನಗಲ್ಲ ಈಗ?"

ವರ್ಜಿಲ್ ತನ್ನ ಬೂಟು ನೋಡಿಕೊಂಡ. ಯಾರೋ ಕೆಮ್ಮಿದರು. ಪಾದ್ರಿ ಕಣ್ಣುಸನ್ನೆ ಮಾಡಿದ್ದೇ ಆರ್ಗನ್ ನುಡಿಸುವಾಕೆ ಒಂದು ಪ್ರಾರ್ಥನಾಗೀತೆ ಶುರುಮಾಡಿದಳು. ಹಾಗೆ ಮುಚ್ಚಿಹೋಗಬೇಕಿತ್ತು ಎಲ್ಲವೂ. ಆದರೆ ಮಾರೀನ್ ಅತ್ತೆ ಎದ್ದಳು. ಪೆಟ್ಟಿಗೆಯ ಬಳಿ ಹೋಗಿ, ಕೋಚ್ ಕೈ ಊರಿದ್ದ ಕಡೆ ನಿಂತು, "ಕೈ ತೆಗೀರಿ," ಎಂದಳು.

ಅವರು ತೆಗೆದರು.

ಅತ್ತೆ ಕೆಂಪು ಕಂಬಳಿಯನ್ನು ಎತ್ತಿ, ಮನೆಯ ಹೊದಿಕೆಯನ್ನು ಮಡಿಸುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಅದನ್ನು ಮುದುಕನ ಎದೆಗೆ ಒತ್ತಿದಳು.

"ನಮ್ಮಮ್ಮ ಸಾಯೋವರೆಗೂ ಚರ್ಚಲ್ಲಿ ಹಿಂದಿನ ಬೆಂಚಲ್ಲೇ ಕೂತ್ಲು ಕೋಚ್, ಅವಮಾನದಿಂದ," ಎಂದಳು.  ಬರೀ ಪೈನ್ ಮರದ ಪೆಟ್ಟಿಗೆ ಕಿಟಕಿಯ ಬೆಳಕಲ್ಲಿ ಹಳದಿಯಾಗಿ ಹೊಳೆಯಿತು.

*

ಸ್ಮಶಾನ ಊರಾಚೆಯ ದಿಬ್ಬದ ಮೇಲಿತ್ತು. ನವೆಂಬರಿನ ಗಾಳಿ ಪಾದ್ರಿಯ ಅರ್ಧ ಮಾತನ್ನು ಹೊತ್ತೊಯ್ಯುತ್ತಿತ್ತು. ಚರ್ಚಿಗೆ ಬಂದಷ್ಟು ಜನ ಇಲ್ಲಿಗೆ ಬರಲಿಲ್ಲ. ಬಂದವರಲ್ಲೂ ಕೆಲವರು, ಕಾರಿನ ಕಡೆ ನಡೆಯುತ್ತ, ಅವಳಿಗೆ ಕೇಳಿಸುವಂತೆಯೇ ಮಾತಾಡಿಕೊಂಡರು.

"ಅಷ್ಟು ವಯಸ್ಸಾದೋರಿಗೆ ಹಾಗನ್ನಬಾರದಿತ್ತು ಆ ಹುಡುಗಿ."

"ಏನೇ ಹೇಳು, ಎಡಗಡೆ ಅಷ್ಟು ಜನ ನಿಂತಿದ್ದು ಕಂಡ ಮೇಲಾದ್ರೂ ಲೋವೆಲ್ ತಾನೇ ಯೋಚನೆ ಮಾಡಬೇಕಿತ್ತಪ್ಪ."

ನಿನ್ನೆಯವರೆಗೂ ಹೇಳಿದ ಮಾತು ಕೇಳಲಿಲ್ಲ ಎಂಬುದು ಅಪ್ಪನ ತಪ್ಪಾಗಿತ್ತು. ಇವತ್ತಿನಿಂದ ಕೇಳಿದ್ದು ತಪ್ಪು. ಟ್ವೈಲಾಗೆ ಅವರ ಹಿಂದೆ ಓಡಿಹೋಗಿ ಕಾರಿನ ಬಾಗಿಲು ಹಿಡಿದು ಎಳೆಯಬೇಕು ಅನಿಸಿತು. ಆದರೆ ಗುಂಡಿಯ ಪಕ್ಕದಲ್ಲೇ ನಿಂತಳು.

ಡೆಲ್ಬರ್ಟ್ ಹೋಗಿರಲಿಲ್ಲ. ಟೋಪಿ ಕೈಯಲ್ಲೇ ಇತ್ತು.

"ನಾನು ಅವತ್ತೇ ಹೇಳಿದೆ," ಎಂದ. "ಬಟ್ಟೆ ಬದಲಾಯಿಸೋ ಕೋಣೇಲಿ ಹೇಳಿದೆ, ಊರಲ್ಲಿ ಹೇಳಿದೆ, ಕ್ಷೌರಕ್ಕೆ ಬಂದೋರಿಗೆಲ್ಲ ಹೇಳಿದೆ. ನಾನು ಖಾಲಿ ಇದ್ದೆ ಅಂತ. ಯಾರೂ ನಂಬಲಿಲ್ಲ. ಎಲ್ಲಾ ಹಾಗೇ ಹೇಳ್ತಾರಲ್ಲ. ಆದ್ರೆ ಅವನ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ ಮಗಾ. ನನ್ನ ಕಡೆ ನೋಡಲೇ ಇಲ್ಲ ಅಂತ ನನಗೂ ಅವನ ಮೇಲೆ ಸಿಟ್ಟಿತ್ತು."

ಟ್ವೈಲಾ ಅವನ ಕಡೆ ತಿರುಗಿದಳು.

"ಎಷ್ಟು ದೂರದಲ್ಲಿದ್ರಿ ನೀವು?"

ಡೆಲ್ಬರ್ಟ್ ಅವಳನ್ನು ನೋಡಿದ. ಗುಂಡಿಯನ್ನು ನೋಡಿದ.

"ನೀನು ಅಲ್ಲೇ ನಿಂತಿರು. ಅದು ಅವನ ಜಾಗ ಅಂದ್ಕೋ."

ಅವನು ಬಲಗಡೆಗೆ ನಡೆಯತೊಡಗಿದ. ಆ ಕಡೆ ಇನ್ನೂ ಯಾರನ್ನೂ ಹೂಳಿರಲಿಲ್ಲ. ಬೇಲಿಯವರೆಗೂ ಒಣಹುಲ್ಲು ಮಾತ್ರ. ಮೊಣಕಾಲಿನ ನೋವಿಗೆ ಅವನ ನಡಿಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಇಲ್ಲೇ ನಿಲ್ಲುತ್ತಾನೆ ಎಂದು ಅವಳು ಅಂದುಕೊಂಡಳು. ಅವನು ನಿಲ್ಲಲಿಲ್ಲ. ಸ್ವಲ್ಪ ಮುಂದೆ ಹೋಗಿ ಕಷ್ಟಪಟ್ಟು ಒಂದೆರಡು ಹೆಜ್ಜೆ ಓಡಿದ ಕೂಡ. ಹೊರಟಿದ್ದ ಕಾರೊಂದು ದಾರಿಯಲ್ಲಿ ನಿಧಾನವಾಯಿತು. ಕಿಟಕಿಯ ಗಾಜು ಕೆಳಗಿಳಿಯಿತು. ವರ್ಜಿಲ್‌ನ ಮುಖ ಹೊರಗೆ ಬಂತು.

ಬಯಲಿನ ನಡುವೆ ಡೆಲ್ಬರ್ಟ್ ತಿರುಗಿ ನಿಂತ. ಉಸಿರು ಸುಧಾರಿಸಿಕೊಂಡು, ಟೋಪಿ ಹಿಡಿದಿದ್ದ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ. ಅವನ ಮುಂದೆ, ಹಿಂದೆ, ಎರಡು ಪಕ್ಕದಲ್ಲೂ, ಕಣ್ಣು ಹಾಯುವವರೆಗೂ ಯಾರೂ ಇರಲಿಲ್ಲ. ಅವನು ಕೈ ಇಳಿಸಲಿಲ್ಲ.