ಕಿವಿರು ನೋಡಿ ತಂದ ಅಣಬೆ

ನಮ್ಮ ಮನೆಯವರು ತಲೆತಲಾಂತರದಿಂದ ಮೀನಿನವರು. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಅದು ಯಾವಾಗ ದಡ ಕಂಡಿತೆಂದು ನಾನು ಹೇಳಬಲ್ಲೆ. ಮೇಲಿಂದ ಸಸ್ಯಶಾಸ್ತ್ರದ ಡಿಗ್ರಿ ಬೇರೆ. ಇವೆರಡೂ ಸೇರಿ ಒಬ್ಬ ಮನುಷ್ಯನನ್ನು ಎಷ್ಟು ಹಾಳುಮಾಡಬಹುದೋ ಅಷ್ಟು ಹಾಳಾಗಿದ್ದೇನೆ.

ಆ ಭಾನುವಾರ ನಂತೂರಿನ ಅತ್ತೆಮನೆಯ ಹಿಂದಿನ ಗುಡ್ಡೆಯಲ್ಲಿ, ಇನ್ನೂ ತೊಟ್ಟಿಕ್ಕುತ್ತಿದ್ದ ಅಕೇಶಿಯಾ ಮರಗಳ ಅಡಿಯಲ್ಲಿ, ಬಿಳಿ ಅಣಬೆಗಳು ಎದ್ದಿದ್ದವು. ಒಂದೊಂದನ್ನೇ ಮುರಿದು, ಟೋಪಿ ತಿರುವಿ, ಕೆಳಗಿನ ಪದರಗಳನ್ನು ಬಂಗುಡೆಯ ಕಿವಿರಿನಂತೆ ಬಿಡಿಸಿ ನೋಡಿದೆ. ಗಟ್ಟಿ, ಶುಭ್ರ, ವಾಸನೆ ಇಲ್ಲ. ಫಸ್ಟ್ ಕ್ಲಾಸ್.

ಅತ್ತೆ ಅಪ್ಪಿಯವರ ಮುಂದೆ ಬುಟ್ಟಿ ಇಟ್ಟು, ನನ್ನ ಹಳೆಯ ಪ್ರೊಫೆಸರರ ಮೂಗಿನ ದನಿಯಲ್ಲಿ ಒಂದು ಲ್ಯಾಟಿನ್ ಹೆಸರು ಹೊಡೆದೆ. ಆ ಹೆಸರು ಅಲ್ಲೇ ಹುಟ್ಟಿದ್ದು. ಹೆಂಡತಿ ಸೌಜನ್ಯ ನಕ್ಕಳು. ಅತ್ತೆ ನಗಲಿಲ್ಲ.

"ತಿನ್ನುವಂಥದ್ದಾ ಇದು?"

"ನೂರಕ್ಕೆ ನೂರು, ಅತ್ತೆ."

"ಆಯ್ತು, ತೆಂಗಿನಕಾಯಿ ಹುರಿದು ಹಾಕಿ ಸುಕ್ಕ ಮಾಡ್ತೇನೆ. ಆದರೆ ನಮ್ಮಲ್ಲಿ ಒಂದು ಕ್ರಮ ಉಂಟು. ಗುರ್ತ ಹೇಳಿದವರು ಮೊದಲು ತಿನ್ನುವುದು. ಉಳಿದವರು ನಾಳೆ."

"ಅಮ್ಮ, ನಂಗೆ ಗಂಡ ಒಬ್ಬನೇ ಇರುವುದು," ಎಂದಳು ಸೌಜನ್ಯ.

"ಅದಕ್ಕೇ ಕೇಳಿದ್ದಲ್ವಾ, ತಿನ್ನುವಂಥದ್ದಾ ಅಂತ."

ತೆಂಗಿನಕಾಯಿ ಹುರಿಯುವ ಪರಿಮಳದ ಜೊತೆಗೆ ಪ್ರೊಫೆಸರರ ಅಸಲಿ ಪಾಠವೂ ನೆನಪಾಯಿತು: ಬುಡ ಅಗೆದು ನೋಡದೆ ಅಣಬೆಗೆ ಹೆಸರಿಡಬೇಡಿ. ಅವರಿಂದ ನನಗೆ ಬಂದದ್ದು ಅಣಕ, ಅಣಬೆಯಲ್ಲ. "ಕರಿಬೇವು ತರ್ತೇನೆ" ಎಂದು ಚಮಚ ಹಿಡಿದು ಗುಡ್ಡೆಗೆ ಓಡಿದೆ. ಮುರಿದು ಬಿಟ್ಟಿದ್ದ ದಂಟಿನ ಬುಡ ಅಗೆದರೆ, ಒಡೆದ ಮೊಟ್ಟೆಯ ಚಿಪ್ಪಿನಂಥ ಚೀಲ. ಬಿಳಿ ಕಿವಿರು, ಬುಡದಲ್ಲಿ ಚೀಲ: ಈ ಜೋಡಿಯ ಪಕ್ಕ ಅವರು ಬೋರ್ಡಿನ ಮೇಲೆ ತಲೆಬುರುಡೆ ಬರೆದಿದ್ದರು. ನಾನು ನೋಡಿದ್ದು ತಾಜಾತನ. ತಂದದ್ದು ತಾಜಾ ವಿಷ.

ಮರಳುವಾಗ ಬಾಳೆಎಲೆ ಹಾಕಿ ಆಗಿತ್ತು. ನನಗೊಬ್ಬನಿಗೆ. ಮಾನವೋ ಲಿವರೋ ಎಂಬ ಪ್ರಶ್ನೆಯಲ್ಲಿ ಒಂದು ಕ್ಷಣ ಮಾನದ ಕಡೆಗೂ ವಾಲಿದೆ.

ಪ್ರೊಫೆಸರರ ದನಿಯಲ್ಲೇ ಶುರುಮಾಡಿದೆ: "ವಿದ್ಯಾರ್ಥಿ ಕಮಲೇಶನ ಗುರುತಿಸುವಿಕೆಯಲ್ಲಿ ಸಣ್ಣದೊಂದು ಲೋಪ..."

"ಆ ಮಾಸ್ಟ್ರನ್ನು ಹೊರಗೆ ಕೂರಿಸಿ," ಎಂದರು ಅತ್ತೆ. "ನೀವು ಹೇಳಿ."

"ಇದು ವಿಷದ್ದು. ನನಗೆ ಗುರ್ತ ಇರಲಿಲ್ಲ, ಅತ್ತೆ."

ಅವರು ಸುಕ್ಕವನ್ನು ಹಿತ್ತಿಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿ ಬಂದರು. ಫ್ರಿಜ್ಜಿನಿಂದ ಬಂಗುಡೆ ತೆಗೆದು ಹುರಿದರು. ನನ್ನ ಎಲೆಗೆ ಒಂದು ಬಿತ್ತು. ಬೇರೆ ಯಾರೂ ಕೂರಲಿಲ್ಲ. ನಾನು ತಲೆ ಎತ್ತಿದೆ.

"ಮೊದಲು ನೀವು ತಿನ್ನಿ. ನಾವು ನಾಳೆ," ಎಂದಳು ಸೌಜನ್ಯ. ಅತ್ತೆಯದೇ ದನಿ, ಅಚ್ಚು ಹೊಡೆದ ಹಾಗೆ. ಇಷ್ಟು ವರ್ಷ ಈ ಮನೆಯಲ್ಲಿ ಮಿಮಿಕ್ರಿ ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ.